ಹಳೆಯ ಜೀಪಿಗೆ ಡೀಸೆಲ್ ಎಂಜಿನು

ಗುಡೇಕೋಟೆಯ ಸುತ್ತ ಎತ್ತ ನೋಡಿದರೂ ಬಂಡೆಗಳೇ. ಒಂದರ ಮೇಲೊಂದು ಪೇರಿಸಿಟ್ಟಂತೆ ನಿಂತಿರುವ ಆ ಗುಡ್ಡಗಳಲ್ಲಿ ಕರಡಿಗಳು ವಾಸಿಸುತ್ತವೆ. ಗುಡ್ಡಗಳ ನಡುವಣ ಹೊಲಗಳಲ್ಲಿ ಶೇಂಗಾ ಬೆಳೆಯುತ್ತದೆ. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಈ ಊರು ಬಳ್ಳಾರಿ ಜಿಲ್ಲೆಯಲ್ಲಿದ್ದ ಕಾಲದಲ್ಲಿ, ಎಂದರೆ 1980ರ ದಶಕದ ಕೊನೆಯಲ್ಲಿ, ನಾನು ಅಲ್ಲಿ ಉಪಾಧ್ಯಾಯನಾಗಿದ್ದೆ. ನೆರೆಮನೆಯ ಯಜಮಾನರ ಬಳಿ ಒಂದು ಹಳೆಯ ವಿಲ್ಲಿಸ್ ಜೀಪಿತ್ತು. ಅದರ ಹಿಂಬದಿಯ ಆಸನಗಳನ್ನು ಕಿತ್ತು, ಮರದ ಹಲಗೆಗಳ ತೊಟ್ಟಿಯನ್ನು ಕೂರಿಸಿ ಅವರು ಅದನ್ನು ಪಿಕಪ್ ಮಾಡಿಕೊಂಡಿದ್ದರು. ಸುಗ್ಗಿಯಲ್ಲಿ ಶೇಂಗಾ ಮೂಟೆಗಳನ್ನು ಹೇರಿಕೊಂಡು, ಗಿರಣಿಗಳಿಂದಾಗಿ ‘ಎಣ್ಣೆ ನಗರ’ವೆಂದು ಹೆಸರಾದ ಚಳ್ಳಕೆರೆಗೆ ಹೋಗಿಬರುವುದು ಅದರ ಕೆಲಸ. ಅವರ ಸಂಸಾರ ನಡೆಯುತ್ತಿದ್ದುದೇ ಆ ಬಾಡಿಗೆಯಿಂದ.

ಆದರೆ ಜೀಪು ಕುಡಿಯುತ್ತಿದ್ದುದು ಪೆಟ್ರೋಲು. 1973ರ ಕೊನೆಯಲ್ಲಿ ಜಗತ್ತಿನಾದ್ಯಂತ ಕಚ್ಚಾತೈಲದ ಬೆಲೆ ಕೆಲವೇ ತಿಂಗಳುಗಳಲ್ಲಿ ಸುಮಾರು ನಾಲ್ಕು ಪಟ್ಟು ಏರಿತು. ನಮ್ಮ ದೇಶದಲ್ಲಿ ಸರ್ಕಾರವು ಸಾಗಾಣಿಕೆ ಮತ್ತು ಬೇಸಾಯಗಳನ್ನು ಗಮನದಲ್ಲಿಟ್ಟು ಡೀಸೆಲ್ ಬೆಲೆಯನ್ನು ಪೆಟ್ರೋಲಿಗಿಂತ ಬಹಳ ಕೆಳಗೆ ಹಿಡಿದಿಟ್ಟಿತು. ಆದುದರಿಂದ ಪೆಟ್ರೋಲ್ ವಾಹನಗಳ ಎಂಜಿನ್ನನ್ನು ಇಳಿಸಿ ಡೀಸೆಲ್ ಎಂಜಿನ್ನನ್ನು ಏರಿಸುವ ಕೆಲಸಕ್ಕೆ ಊರೂರುಗಳಲ್ಲಿ ಬೇಡಿಕೆ ಬಂದಿತು. ಯಜಮಾನರೂ ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು, ಮೂಲೆಗೆ ಬಿದ್ದಿದ್ದ ಒಂದು ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನನ್ನು ಕೊಂಡು ತಂದರು. ಇದು ಹುಚ್ಚು ಸಾಹಸವೇನೂ ಆಗಿರಲಿಲ್ಲ. ಜೀಪು ತಯಾರಿಸುತ್ತಿದ್ದ ಮಹೀಂದ್ರ ಕಂಪನಿಯೇ ತನ್ನ ಟ್ರ್ಯಾಕ್ಟರಿನ ವಂಶದ ಡೀಸೆಲ್ ಎಂಜಿನ್ನನ್ನು ಜೀಪುಗಳಿಗೆ ಜೋಡಿಸಿತ್ತು.

ಈ ಎರಡು ಎಂಜಿನುಗಳಿಗೆ ಇರುವ ವ್ಯತ್ಯಾಸವೇನು? ಪೆಟ್ರೋಲ್ ಎಂಜಿನಿನಲ್ಲಿ ಗಾಳಿಯೂ ಪೆಟ್ರೋಲೂ ಮೊದಲೇ ಬೆರೆತು ಸಿಲಿಂಡರಿನೊಳಗೆ ಹೋಗುತ್ತವೆ. ಪಿಸ್ಟನ್ ಆ ಮಿಶ್ರಣವನ್ನು ಒತ್ತಿದ ಮೇಲೆ ಸ್ಪಾರ್ಕ್ ಪ್ಲಗ್ಗು ಕಿಡಿ ಹೊತ್ತಿಸುತ್ತದೆ. ಹಳೆಯ ಜೀಪಿನಲ್ಲಿ ಮಿಶ್ರಣವು ತನ್ನ ಗಾತ್ರದ ಏಳನೆಯ ಒಂದು ಭಾಗದಷ್ಟಕ್ಕೆ ಕುಗ್ಗುತ್ತಿತ್ತು. ಡೀಸೆಲ್ ಎಂಜಿನಿನಲ್ಲಿ ಕಿಡಿಯೇ ಇಲ್ಲ. ಅಲ್ಲಿ ಒಳಹೋಗುವುದು ಬರಿಯ ಗಾಳಿ. ಅದನ್ನು ಹದಿನಾರನೆಯ, ಇಲ್ಲವೆ ಇಪ್ಪತ್ತನೆಯ ಒಂದು ಭಾಗಕ್ಕೆ ಒತ್ತಿದಾಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ಸನ್ನು ದಾಟುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿರಬಹುದು. ಇದೂ ಅದೇ ಬಿಸಿ. ಆ ಕಾದ ಗಾಳಿಯೊಳಕ್ಕೆ ಎಣ್ಣೆಯನ್ನು ಸೂಕ್ಷ್ಮವಾದ ತುಂತುರಾಗಿ ಚಿಮ್ಮಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಜರ್ಮನಿಯ ರುಡಾಲ್ಫ್ ಡೀಸೆಲ್ ಈ ತತ್ತ್ವದ ಎಂಜಿನ್ನನ್ನು 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಓಡಿಸಿ ತೋರಿಸಿದನು. ಇಂಧನದ ಶಾಖದಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚನ್ನು ಅದು ಕೆಲಸವಾಗಿ ಮಾರ್ಪಡಿಸಿತು. ಆ ಕಾಲಕ್ಕೆ ಅದು ಅಚ್ಚರಿಯ ಸಂಗತಿ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಇಂತಹ ಒಂದು ಸಣ್ಣ ಎಂಜಿನು ಶೇಂಗಾ ಎಣ್ಣೆಯಿಂದ ಓಡಿತು. ಈ ಸಂಗತಿಯನ್ನು ನಾನು ಯಜಮಾನರಿಗೆ ಹೇಳಿದಾಗ ಅವರು ತಮ್ಮ ಮೂಟೆಗಳತ್ತ ಒಮ್ಮೆ ನೋಡಿ ನಕ್ಕರು.

ಎಂಜಿನ್ನನ್ನು ಇಳಿಸುವುದಕ್ಕೆ ಒಂದು ಬೆಳಗು ಸಾಕಾಯಿತು. ಏರಿಸುವುದಕ್ಕೆ ಒಂದು ತಿಂಗಳು ಹಿಡಿಯಿತು. ಹೊಸದು ಹಳೆಯದಕ್ಕಿಂತ ಬಹಳ ಭಾರ. ಅಷ್ಟು ಒತ್ತಡವನ್ನು ತಾಳಬೇಕಾದರೆ ಅದರ ಎರಕ ದಪ್ಪವಾಗಿರಲೇಬೇಕಷ್ಟೆ. ಆದುದರಿಂದ ಮುಂದಿನ ಕಮಾನಿಗೆ ಒಂದೊಂದು ಪಟ್ಟಿಯನ್ನು ಹೆಚ್ಚಾಗಿ ಸೇರಿಸಬೇಕಾಯಿತು. ಎಂಜಿನಿನ ಹಿಂಬದಿಯ ತೂತುಗಳಿಗೂ ಗೇರ್ ಪೆಟ್ಟಿಗೆಯ ತೂತುಗಳಿಗೂ ಹೊಂದಿಕೆಯಿರಲಿಲ್ಲ. ಮೇಸ್ತ್ರಿಯು ಹೊಸಪೇಟೆಯ ಒಂದು ಲೇತ್ ಅಂಗಡಿಯಲ್ಲಿ ದಪ್ಪ ಉಕ್ಕಿನ ತಟ್ಟೆಯೊಂದನ್ನು ಕೊರೆಸಿ ತಂದು ಎರಡರ ನಡುವೆ ಕೂರಿಸಿದನು. ಎಂಜಿನಿನ ದಂಡವೂ ಗೇರ್ ಪೆಟ್ಟಿಗೆಯ ದಂಡವೂ ಒಂದೇ ನೇರದಲ್ಲಿರಬೇಕು. ಕೂದಲೆಳೆಯಷ್ಟು ಓರೆಯಾದರೂ ಬೇರಿಂಗು ಬೇಗ ಸವೆದುಹೋಗುತ್ತದೆ. ಮೂರು ದಿನ ಅವನು ಊಟದ ಹೊತ್ತನ್ನೂ ಮರೆತು ಅಳೆಯುತ್ತ ಕುಳಿತಿದ್ದುದನ್ನು ನಾನು ಕಂಡಿದ್ದೇನೆ. ಅವನು ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತಿದವನಲ್ಲ. ಆದರೂ ಅಷ್ಟು ಏಕಾಗ್ರತೆಯಿಂದ ರೇಖಾಗಣಿತ ಮಾಡಿದ ವಿದ್ಯಾರ್ಥಿಯನ್ನು ನಾನು ಕಾಣೆ.

ಕೊನೆಗೊಂದು ಸಂಜೆ ಎಂಜಿನು ಹೊಗೆಯುಗುಳಿ ಗುಡುಗಿತು. ಯಜಮಾನರು ಹಿಗ್ಗಿನಿಂದ ಕೀಲಿ ತಿರುಗಿಸಿ ತೆಗೆದರು. ಎಂಜಿನು ನಿಲ್ಲಲಿಲ್ಲ. “ಏನ್ರೀ ಮೇಷ್ಟ್ರೆ, ಕೀಲಿ ತೆಗೆದ್ರೂ ಓಡ್ತೈತಲ್ರೀ ಇದು!” ಎಂದು ಅವರು ಗಾಬರಿಯಾದರು. ಕೀಲಿಯು ನಿಲ್ಲಿಸುವುದು ಕಿಡಿಯನ್ನು. ಇಲ್ಲಿ ಕಿಡಿಯೇ ಇಲ್ಲವಲ್ಲ! ಎಣ್ಣೆಯನ್ನು ತಡೆದರೆ ಮಾತ್ರ ಡೀಸೆಲ್ ಎಂಜಿನು ನಿಲ್ಲುತ್ತದೆ. ಮೇಸ್ತ್ರಿ ಒಂದು ತಂತಿಯನ್ನು ಎಳೆದು ಅದನ್ನು ನಿಲ್ಲಿಸಿದನು.

ಮರುದಿನ ಇನ್ನೊಂದು ತೊಡಕು ಕಂಡಿತು. ಜೀಪು ಗಂಟೆಗೆ 50 ಕಿಲೋಮೀಟರನ್ನು ದಾಟದು. ಇದರ ಕಾರಣವನ್ನು ನೀವೇ ಲೆಕ್ಕ ಹಾಕಬಹುದು. ಮೇಲಿನ ಗೇರಿನಲ್ಲಿ ಎಂಜಿನು 5.38 ಸುತ್ತು ತಿರುಗಿದರೆ ಈ ಜೀಪಿನ ಚಕ್ರ ಒಂದು ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆ ಸುಮಾರು 2.25 ಮೀಟರು. ಪೆಟ್ರೋಲ್ ಎಂಜಿನು ನಿಮಿಷಕ್ಕೆ 4,000 ಸುತ್ತು ತಿರುಗಬಲ್ಲುದು. ಆಗ ವೇಗ ಗಂಟೆಗೆ 100 ಕಿಲೋಮೀಟರಿನಷ್ಟಾಗುತ್ತದೆ. ಟ್ರ್ಯಾಕ್ಟರಿನ ಎಂಜಿನ್ನಾದರೋ ಸುಮಾರು 2,000 ಸುತ್ತಿಗೇ ಸಾಕೆನ್ನುತ್ತದೆ. ಸುತ್ತು ಅರ್ಧವಾದರೆ ವೇಗವೂ ಅರ್ಧ. ಇದಕ್ಕೆ ಪರಿಹಾರವಾಗಿ ಅಚ್ಚಿನೊಳಗಿನ ಕ್ರೌನ್ ಮತ್ತು ಪಿನಿಯನ್ ಹಲ್ಲುಚಕ್ರಗಳನ್ನು ಬದಲಿಸಿ, 5.38ರ ಪ್ರಮಾಣವನ್ನು 4.3ರ ಹತ್ತಿರಕ್ಕೆ ಇಳಿಸಲಾಯಿತು. ನಾಲ್ಕೂ ಚಕ್ರ ಎಳೆಯುವ ಬಂಡಿಯಾದುದರಿಂದ ಮುಂದಿನ ಅಚ್ಚಿಗೂ ಅದೇ ಪ್ರಮಾಣದ ಹಲ್ಲುಗಳು ಬೇಕಾದುವು, ಖರ್ಚು ಇಮ್ಮಡಿಯಾಯಿತು. ಜೀಪು ಅರವತ್ತನ್ನು ದಾಟಿತು. ಎಲ್ಲರಿಗೂ ಸಮಾಧಾನವಾಯಿತು. ಬ್ರೇಕಿನ ವಿಚಾರ ಮಾತ್ರ ಯಾರಿಗೂ ಹೊಳೆಯಲಿಲ್ಲ.

ಶೇಂಗಾ ಹೇರಿಕೊಂಡು ಹೊರಟ ಮೊದಲ ಪಯಣದಲ್ಲಿ ನಾನೂ ಇದ್ದೆ. ಗುಡ್ಡಗಳ ನಡುವಣ ಒಂದು ಇಳಿಜಾರಿನಲ್ಲಿ ಯಜಮಾನರು ಹಳೆಯ ರೂಢಿಯಂತೆ ಆಕ್ಸಿಲರೇಟರಿನಿಂದ ಕಾಲು ತೆಗೆದರು. ಬಂಡಿ ನಿಧಾನವಾಗಲಿಲ್ಲ. ಪೆಟ್ರೋಲ್ ಎಂಜಿನಿನಲ್ಲಿ ಕಾಲು ತೆಗೆದೊಡನೆ ಗಾಳಿಯ ದಾರಿಯಲ್ಲಿರುವ ಕದ ಮುಚ್ಚಿಕೊಳ್ಳುತ್ತದೆ. ಬಾಯಿ ಮುಚ್ಚಿ ಉಸಿರೆಳೆಯುವವನಂತೆ ಪಿಸ್ಟನ್ನುಗಳು ಹೆಣಗುತ್ತವೆ; ಆ ಹೆಣಗಾಟವೇ ಬಂಡಿಯನ್ನು ಹಿಂದಕ್ಕೆ ಹಿಡಿಯುತ್ತದೆ. ಡೀಸೆಲ್ ಎಂಜಿನಿನಲ್ಲಿ ಅಂತಹ ಕದವಿರುವುದಿಲ್ಲ. ಅಲ್ಲಿ ನಮ್ಮ ಕಾಲು ಆಳುವುದು ಎಣ್ಣೆಯನ್ನು, ಗಾಳಿಯನ್ನಲ್ಲ. ಒತ್ತಿದ ಗಾಳಿಯೂ ಸ್ಪ್ರಿಂಗಿನಂತೆ ಪಿಸ್ಟನ್ನನ್ನು ಮರಳಿ ತಳ್ಳಿಬಿಡುತ್ತದೆ. ದೊಡ್ಡ ಲಾರಿಗಳು ಹೊಗೆಕೊಳವೆಗೆ ಮುಚ್ಚಳವಿಟ್ಟು ಬ್ರೇಕಿನ ಕೆಲಸ ಮಾಡಿಸಿಕೊಳ್ಳುವುದು ಈ ಕಾರಣದಿಂದಲೇ. ಸಾಲದುದಕ್ಕೆ, ಹಲ್ಲುಗಳ ಪ್ರಮಾಣ ಇಳಿದುದರಿಂದ ಚಕ್ರಗಳ ಮೇಲೆ ಎಂಜಿನಿಗೆ ಇದ್ದ ಹಿಡಿತವೂ ಸಡಿಲವಾಗಿತ್ತು. ಇನ್ನು ಉಳಿದುದು ಬ್ರೇಕು ಮಾತ್ರ. ಹಗುರವಾದ ಜೀಪಿಗೆಂದು ಮಾಡಿದ ಆ ಡ್ರಮ್ಮುಗಳು ಕಾದು, ಸುಟ್ಟ ವಾಸನೆ ಬಂದು, ಪೆಡಲು ತುಳಿದರೂ ಹಿಡಿಯದಾದುವು. ಯಜಮಾನರು ಧೈರ್ಯಗೆಡದೆ ಬಂಡಿಯನ್ನು ರಸ್ತೆಯ ಬದಿಯ ಉಳುಮೆಯಾದ ಹೊಲಕ್ಕೆ ತಿರುಗಿಸಿದರು. ಸಡಿಲವಾದ ಮಣ್ಣು ನಮ್ಮನ್ನು ನಿಲ್ಲಿಸಿತು. ಹತ್ತು ಮಾರು ಮುಂದೆ ಮನೆಯಷ್ಟು ದೊಡ್ಡದೊಂದು ಬಂಡೆಯಿತ್ತು. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಅನಂತರ ದೊಡ್ಡ ಡ್ರಮ್ಮುಗಳು ಬಂದುವು. ಕಾಲಿನ ಒತ್ತಡಕ್ಕೆ ನೆರವಾಗುವ ನಿರ್ವಾತ ಬೂಸ್ಟರೂ ಬಂದಿತು. ಪೆಟ್ರೋಲ್ ಎಂಜಿನಿನಲ್ಲಿ ಇದಕ್ಕೆ ಬೇಕಾದ ನಿರ್ವಾತ ತಾನಾಗಿ ಸಿಗುತ್ತದೆ. ಡೀಸೆಲ್ಲಿನಲ್ಲಿ ಅದಕ್ಕೆಂದೇ ಬೇರೊಂದು ಪಂಪು ಬೇಕು. ಅದನ್ನೂ ಜೋಡಿಸಿದ್ದಾಯಿತು. ಡೀಸೆಲ್ಲಿನಿಂದ ಉಳಿಯಬೇಕಾಗಿದ್ದ ಒಂದು ವರ್ಷದ ಹಣ ಹೀಗೆ ಕರಗಿತು.

ಇಂದಿನ ಡೀಸೆಲ್ ಎಂಜಿನ್ನನ್ನು ಇಂತಹ ಬಂಡಿಗೆ ಕೂರಿಸುವುದು ಇನ್ನೂ ಕಠಿಣ. 1997ರಲ್ಲಿ ಕಾರುಗಳಿಗೆ ಬಂದ ಕಾಮನ್ ರೈಲ್ ವಿಧಾನದಲ್ಲಿ ಎಣ್ಣೆಯನ್ನು ಗಾಳಿಯ ಒತ್ತಡದ ಸಾವಿರ ಪಟ್ಟಿಗೂ ಮೀರಿ ಒತ್ತಿ, ಯಾವ ಕ್ಷಣದಲ್ಲಿ ಎಷ್ಟು ಚಿಮ್ಮಬೇಕೆಂಬುದನ್ನು ಸಣ್ಣದೊಂದು ಕಂಪ್ಯೂಟರು ನಿರ್ಧರಿಸುತ್ತದೆ. ಎಂಜಿನ್ನಿನೊಡನೆ ಅದರ ತಂತಿಗಳನ್ನೂ ಸಂವೇದಕಗಳನ್ನೂ ಆಕ್ಸಿಲರೇಟರ್ ಪೆಡಲನ್ನೂ ಹೊತ್ತು ತರದಿದ್ದರೆ ಅದು ಕಬ್ಬಿಣದ ಮುದ್ದೆ. ಕಾನೂನೂ ಬಿಗಿಯಾಗಿದೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸಕೂಡದು. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. 2014ರಲ್ಲಿ ಡೀಸೆಲ್ ಬೆಲೆಯ ಮೇಲಿನ ನಿಯಂತ್ರಣವನ್ನೂ ಸರ್ಕಾರ ತೆಗೆದುಹಾಕಿತು.

ಯಜಮಾನರ ಜೀಪು ಅದೇ ಸುಗ್ಗಿಯಲ್ಲಿ ಮತ್ತೆ ಚಳ್ಳಕೆರೆಯ ದಾರಿ ಹಿಡಿಯಿತು. ಆ ಇಳಿಜಾರು ಬಂದಾಗ ಅವರು ಮೇಲೆಯೇ ಎರಡನೆಯ ಗೇರಿಗೆ ಬದಲಿಸಿಕೊಂಡು ಇಳಿಯುತ್ತಿದ್ದರು. ಕಿತ್ತಿಟ್ಟ ಪೆಟ್ರೋಲ್ ಎಂಜಿನು ಅವರ ಅಂಗಳದ ಬೇವಿನ ಮರದ ಕೆಳಗೆ ಉಳಿಯಿತು. ನನಗೆ ವರ್ಗವಾಗಿ ನಾನು ಊರು ಬಿಟ್ಟು ಹೊರಟ ಬೆಳಿಗ್ಗೆ ಅದರ ಮೇಲೆ ಕೋಳಿಯೊಂದು ಕುಳಿತಿತ್ತು.