ಕಹಿ ತುಂಬುವ ಹೊತ್ತು

ಆಟಿ ಅಮಾವಾಸ್ಯೆಯ ನಸುಕು. ಮಂಜೇಶ್ವರ, ಪೈವಳಿಕೆ, ಬದಿಯಡ್ಕದ ಕಡೆ ಬೆಳಕು ಹರಿಯುವ ಮೊದಲೇ ಮನೆಯ ಒಬ್ಬರು ಹಾಲೆ ಮರದ ಬುಡಕ್ಕೆ ಹೋಗುತ್ತಾರೆ. ಕತ್ತಿ ತಾಗಿಸುವ ಕ್ರಮವಿಲ್ಲ. ಕಲ್ಲಿನಿಂದ ಜಜ್ಜಿಯೇ ಕೆತ್ತೆ ತೆಗೆಯಬೇಕು. ಅದನ್ನು ಕರಿಮೆಣಸು, ಬೆಳ್ಳುಳ್ಳಿ, ಓಮದ ಜೊತೆ ಅರೆದು ರಸ ಹಿಂಡಿ, ಕಾಸಿದ ಬೆಣಚುಕಲ್ಲು ಹಾಕಿ ಖಾಲಿ ಹೊಟ್ಟೆಗೆ ಕುಡಿಯುತ್ತಾರೆ. ಬಾಯಿಯ ಕಹಿ ಇಳಿಯುವುದು ಆಮೇಲೆ ಉಣ್ಣುವ ಮೆಂತೆ ಗಂಜಿಯಿಂದ. ಆ ದಿನ ಹಾಲೆಯಲ್ಲಿ ಸಾವಿರದೊಂದು ಮದ್ದು ಸೇರಿರುತ್ತದೆ ಎಂಬುದು ತುಳುನಾಡಿನ ನಂಬಿಕೆ.

ಅದೇ ಗುಡ್ಡೆಯಲ್ಲಿ ಕಾಸರಕವೂ ಬೆಳೆಯುತ್ತದೆ. ಈ ಮರದಿಂದಲೇ ಕಾಸರಗೋಡಿಗೆ ಹೆಸರು ಬಂತೆಂದು ಹೇಳುವವರಿದ್ದಾರೆ. ಆಯುರ್ವೇದದಲ್ಲಿ ಇದರ ಬೀಜವನ್ನು ಶುದ್ಧಿ ಮಾಡಿಯೇ ಬಳಸುತ್ತಾರೆ. ಶುದ್ಧಿ ಮಾಡದಿದ್ದರೆ ಅದು ವಿಷ. ಅದರಲ್ಲಿರುವ ಸ್ಟ್ರಿಕ್ನೀನನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞರು 1818ರಲ್ಲೇ ಬೇರ್ಪಡಿಸಿದ್ದರು. ಹಾಲೆಯೆಂದು ತಿಳಿದು ಕತ್ತಲಲ್ಲಿ ಕಾಸರಕದ ಕೆತ್ತೆ ತಂದರೆ ಜೀವಕ್ಕೇ ಅಪಾಯ ಎಂದು ವೈದ್ಯರು ಆಟಿಯಲ್ಲಿ ಎಚ್ಚರಿಸುವುದು ಇದಕ್ಕೇ. ಹಾಲೆಗೆ ಗಾಯವಾದರೆ ಹಾಲು ಸುರಿಯುತ್ತದೆ, ಎಲೆಗಳು ಸಾಮಾನ್ಯವಾಗಿ ಏಳೇಳರಂತೆ ಸುತ್ತಿಕೊಂಡಿರುತ್ತವೆ. ಕಾಸರಕಕ್ಕೆ ಹಾಲಿಲ್ಲ, ಎಲೆಗಳು ಎದುರುಬದುರು ಜೋಡಿ, ಎಲೆಯ ಬುಡದಿಂದಲೇ ಎದ್ದುಕಾಣುವ ನರಗಳು.

ಸರಿಯಾದ ಗಿಡ, ಸರಿಯಾದ ಹೊತ್ತು: ಆಟಿಯ ಈ ಎರಡು ಕಟ್ಟಳೆಗಳೇ ಔಷಧಿ ಗಿಡ ಬೆಳೆಸುವ ಕೃಷಿಕನಿಗೂ ಮೊದಲ ಪಾಠ. ಭತ್ತವಾದರೆ ತೂಗಿ ಮಾರಬಹುದು. ಮದ್ದಿನ ಗಿಡದಲ್ಲಿ ತೂಕ ಒಂದು ಬೆಳೆಯಾದರೆ, ಒಳಗಿನ ಸತ್ವ ಇನ್ನೊಂದು ಬೆಳೆ. ಎರಡೂ ಒಟ್ಟಿಗೆ ಏರಬೇಕೆಂದೇನೂ ಇಲ್ಲ.

ಗಿಡ ಕಹಿಯನ್ನೋ ಖಾರವನ್ನೋ ಘಾಟನ್ನೋ ತುಂಬಿಕೊಳ್ಳುವುದು ನಮಗಾಗಿ ಅಲ್ಲ. ಹುಳು, ಶಿಲೀಂಧ್ರ, ಮೇಯುವ ದನ, ಸುಡುವ ಬಿಸಿಲುಗಳಿಂದ ತನ್ನನ್ನು ಕಾಯ್ದುಕೊಳ್ಳಲು. ಆದ್ದರಿಂದ ಯೂರಿಯಾ ಸುರಿದು ಸೊಂಪಾಗಿ ಬೆಳೆಸಿದ ಗಿಡದಲ್ಲಿ ಸೊಪ್ಪು ಹೆಚ್ಚಿದರೂ ಸತ್ವ ತೆಳುವಾಗುವುದುಂಟು. ಹಟ್ಟಿಗೊಬ್ಬರ ಮತ್ತು ಸೋಗೆಯ ಹೊದಿಕೆಯಿಂದ ಗಿಡ ನಿಧಾನವಾಗಿ ಗಟ್ಟಿಯಾಗುತ್ತದೆ.

ನೆಲಬೇವನ್ನೇ ನೋಡಿ. ಅದರ ಕಹಿಗೆ ಕಾರಣವಾದ ಆಂಡ್ರೋಗ್ರಾಫೊಲೈಡ್ ಹೆಚ್ಚಾಗಿರುವುದು ಎಲೆಯಲ್ಲಿ. ನಾಟಿಯಾಗಿ ಸುಮಾರು 90ರಿಂದ 120 ದಿನಕ್ಕೆ ಹೂ ಬಿಡತೊಡಗುತ್ತದೆ, ಕೊಯ್ಯಬೇಕಾದ್ದು ಆಗಲೇ. ಇನ್ನಷ್ಟು ತೂಕ ಬರಲೆಂದು ಕಾಯಿ ಕಟ್ಟುವವರೆಗೆ ಬಿಟ್ಟರೆ ಎಲೆ ಉದುರಿ ಕಡ್ಡಿ ಉಳಿಯುತ್ತದೆ. ಕಾಸರಗೋಡಿನಲ್ಲಿ ಇದಕ್ಕೊಂದು ತೊಡಕೂ ಇದೆ. ಜೂನಿನಲ್ಲಿ ನೆಟ್ಟದ್ದು ಕೊಯ್ಲಿಗೆ ಬರುವಾಗ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಒಣಗದ ಸೊಪ್ಪಿಗೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಸಸಿಮಡಿ ಹಾಕುವ ದಿನವನ್ನು ಕೊಯ್ಲಿನ ದಿನದಿಂದ ಹಿಂದಕ್ಕೆ ಎಣಿಸಿಯೇ ಗೊತ್ತುಮಾಡಬೇಕು. ಒಣಗಿಸಲು ನೆರಳೂ ಗಾಳಿಯೂ ಇರುವ ಚಾವಡಿಯನ್ನು ಮೊದಲೇ ನೋಡಿಟ್ಟುಕೊಳ್ಳಬೇಕು.

ಸರ್ಪಗಂಧಿಗೆ ಬೇಕಾದ್ದು ತಾಳ್ಮೆ. 1952ರಲ್ಲಿ ಇದರ ಬೇರಿನಿಂದ ಬೇರ್ಪಡಿಸಿದ ರೆಸರ್ಪಿನ್, ರಕ್ತದೊತ್ತಡದ ಚಿಕಿತ್ಸೆಯಲ್ಲಿ ಜಗತ್ತಿನಾದ್ಯಂತ ಬಳಕೆಗೆ ಬಂತು. ಬೇರು ಬಲಿಯಲು ಕನಿಷ್ಠ ಒಂದೂವರೆ ವರ್ಷ ಬೇಕು. ಎಲೆ ಉದುರಿದ ಚಳಿಗಾಲದಲ್ಲಿ ಅಗೆದರೆ ಸತ್ವ ಹೆಚ್ಚು. ಅದರ ಬಹುಪಾಲು ಬೇರಿನ ಸಿಪ್ಪೆಯಲ್ಲೇ ಇರುವುದರಿಂದ ಮಣ್ಣು ತೊಳೆಯುವಾಗ ಸಿಪ್ಪೆ ಸುಲಿಯದಂತೆ ನೋಡಿಕೊಳ್ಳಬೇಕು. ಕಾಡಿನಿಂದ ಮಿತಿಮೀರಿ ಕಿತ್ತದ್ದರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ಈಗ ನಿಯಂತ್ರಣವಿದೆ. ಹೀಗಾಗಿ ತೋಟದಲ್ಲಿ ಬೆಳೆದದ್ದೆಂಬುದಕ್ಕೆ ಲೆಕ್ಕಪತ್ರ ಇಟ್ಟುಕೊಳ್ಳುವುದೂ ಕೃಷಿಯ ಭಾಗವೇ ಆಗಿದೆ.

ಇಂಥ ಬೆಳೆಗಳಿಗೆ ಹೊಸ ಜಾಗ ಹುಡುಕಬೇಕಾಗಿಲ್ಲ. ಅಡಿಕೆ ತೋಟದ ನೆರಳೇ ಇದೆ. ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಸಂಸ್ಥೆಯೇ ಇಂದಿನ ಸಿಪಿಸಿಆರ್‌ಐ. ಗಡಿಯಾಚೆ ವಿಟ್ಲದಲ್ಲಿರುವ ಅದರ ಪ್ರಾದೇಶಿಕ ಕೇಂದ್ರದಲ್ಲಿ ವಿಜ್ಞಾನಿಗಳು ಅಡಿಕೆಯ ನಡುವೆ ಶತಾವರಿ, ಲಾವಂಚ, ಹಿಪ್ಪಲಿ, ಆಡುಸೋಗೆ, ಮಜ್ಜಿಗೆ ಹುಲ್ಲು ಮೊದಲಾದವನ್ನು ಬೆಳೆಸಿ ನೋಡಿದರು. ಅಡಿಕೆಯೊಂದನ್ನೇ ಬೆಳೆಯುವುದಕ್ಕಿಂತ ಅದೇ ನೆಲದಿಂದ ಹೆಚ್ಚಿನ ಉತ್ಪತ್ತಿಯೂ ಆದಾಯವೂ ಸಾಧ್ಯವೆಂದು ಕಂಡುಕೊಂಡರು. ಹಳದಿ ಎಲೆ ರೋಗದಿಂದ ಕಂಗೆಟ್ಟ ಬೆಳೆಗಾರರಿಗೆ ಇದು ಸಣ್ಣ ಮಾತಲ್ಲ.

ಇವುಗಳಲ್ಲಿ ನೆರಳಿಗೆಂದೇ ಹುಟ್ಟಿದ್ದು ಹಿಪ್ಪಲಿ. ನಾಲ್ಕನೇ ಒಂದು ಪಾಲು ನೆರಳು, ಹಸಿ ಆರದ ಮಣ್ಣು ಇದ್ದರೆ ಬಳ್ಳಿ ನೆಲವಿಡೀ ಹಬ್ಬುತ್ತದೆ. ಕೇರಳ ಕೃಷಿ ವಿಶ್ವವಿದ್ಯಾಲಯದ ‘ವಿಶ್ವಂ’ ಇದರ ಹೆಸರಾದ ತಳಿ. ತೆನೆ ಕಡುಹಸಿರಿನಿಂದ ಕಪ್ಪಿಗೆ ತಿರುಗುವಾಗ ಕೊಯ್ಯಬೇಕು. ಹಣ್ಣಾದರೆ ಖಾರ ಇಳಿಯುತ್ತದೆ. ಹತ್ತು ಕಿಲೋ ಹಸಿ ತೆನೆ ಬಿಸಿಲಿನಲ್ಲಿ ಗರಿಗರಿಯಾದಾಗ ಉಳಿಯುವುದು ಸುಮಾರು ಒಂದೂವರೆ ಕಿಲೋ.

ಆದರೆ ಮಳೆಗಾಲದಲ್ಲಿ ಕೊಳೆರೋಗಕ್ಕೆಂದು ಅಡಿಕೆ ಗೊನೆಗೆ ಬಿಡುವ ಬೋರ್ಡೋ ದ್ರಾವಣ ಕೆಳಗಿನ ಗಿಡದ ಮೇಲೂ ತೊಟ್ಟಿಕ್ಕುತ್ತದೆ. ಅದರಲ್ಲಿರುವುದು ಮೈಲುತುತ್ತು, ಅಂದರೆ ತಾಮ್ರ. ಸೊಪ್ಪನ್ನೇ ಮದ್ದಾಗಿ ಬಳಸುವ ಗಿಡಗಳನ್ನು ಮದ್ದು ಬಿಡದ ಅಂಚಿನಲ್ಲೋ ಅಂಗಳದ ಬದಿಯಲ್ಲೋ ನೆಡುವುದು ಒಳ್ಳೆಯದು. ವಿಷದ ಹನಿ ಎಲ್ಲಿಯವರೆಗೆ ಹೋಗುತ್ತದೆಂದು ಈ ಜಿಲ್ಲೆಗೆ ಯಾರೂ ಕಲಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ 2000ದವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನಿನ ನೋವನ್ನು ಎಣ್ಮಕಜೆಯ ಮನೆಗಳು ಇಂದಿಗೂ ಉಣ್ಣುತ್ತಿವೆ. ಕಾಯಿಲೆಯವರ ಬಾಯಿಗೆ ಹೋಗುವ ಬೆಳೆಯಲ್ಲಿ ವಿಷದ ಲವಲೇಶವೂ ಇರಬಾರದು.

ಇನ್ನು ಹಾಲೆ ಮರ. ಆಟಿಯಲ್ಲಿ ಊರವರೆಲ್ಲ ಒಂದೇ ಮರಕ್ಕೆ ಮುಗಿಬಿದ್ದು ಬುಡದ ಸುತ್ತಲೂ ಕೆತ್ತೆ ಕಿತ್ತರೆ ಮರ ಒಣಗಿಯೇ ಹೋಗುತ್ತದೆ. ಒಂದು ಬದಿಯಿಂದ ಅಂಗೈಯಗಲ ಮಾತ್ರ ತೆಗೆದರೆ ಗಾಯ ಮಾಯುತ್ತದೆ. ಬೀಜದಿಂದ ಸಸಿ ಮಾಡುವುದೂ ಸುಲಭ. ಉದ್ದನೆಯ ಕೋಡು ಸೀಳುವ ಮೊದಲೇ ಕೊಯ್ಯಬೇಕು, ಸೀಳಿತೆಂದರೆ ನವಿರು ರೋಮದ ಬೀಜ ಗಾಳಿಯ ಪಾಲು. ಮನೆಯವರೇ ನೆಟ್ಟ ಮರ ತೋಟದ ಬೇಲಿಯಲ್ಲಿದ್ದರೆ, ಆಟಿಯ ನಸುಕಿನಲ್ಲಿ ಕಲ್ಲು ಹಿಡಿದು ಹೊರಟವರು ಕತ್ತಲಲ್ಲಿ ತಲೆಯೆತ್ತಿ ಎಲೆ ಎಣಿಸಬೇಕಾಗಿಲ್ಲ.