ಮನದ ದಣಿವನ್ನೂ ಅರಿಯೋಣ

ದೇಹ ದಣಿದರೆ ನೀರು, ನೆರಳು, ನಿದ್ರೆ ಬೇಕೆಂಬುದನ್ನು ಎಲ್ಲರೂ ಬಲ್ಲರು. ಮನಸ್ಸು ದಣಿದಾಗ ಮಾತ್ರ ಅದನ್ನು ಸೋಮಾರಿತನವೆಂದೋ ಅಂಜಿಕೆಯೆಂದೋ ಕರೆದುಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಬ್ಯಾಡ್ಮಿಂಟನ್, ಟೆನಿಸ್ ಆಟಗಳನ್ನೇ ಕಾಯಕವಾಗಿ ಸ್ವೀಕರಿಸಿದವರ ಬಾಳನ್ನು ಗಮನಿಸಿದರೆ ಈ ರೂಢಿ ಎಷ್ಟು ತಪ್ಪೆಂಬುದು ಮನವರಿಕೆಯಾಗುತ್ತದೆ.

2017ರ ಆಗಸ್ಟ್ 27ರಂದು ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ ವಿಶ್ವ ಬ್ಯಾಡ್ಮಿಂಟನ್ ಮಹಿಳೆಯರ ಅಂತಿಮ ಪಂದ್ಯ ನಡೆಯಿತು. ನಮ್ಮ ಪಿ.ವಿ. ಸಿಂಧು ಮತ್ತು ಜಪಾನಿನ ನೊಜೊಮಿ ಒಕುಹರಾ 110 ನಿಮಿಷಗಳ ಕಾಲ ಸೆಣಸಿದರು. ಎರಡನೆಯ ಗೇಮಿನ ಕೊನೆಯ ಅಂಕಕ್ಕಾಗಿಯೇ 73 ಹೊಡೆತಗಳ ವಿನಿಮಯವಾಯಿತು. ಮೂರನೆಯ ಗೇಮ್ 20-20ಕ್ಕೆ ಬಂದು, ಕೊನೆಗೆ 22-20ರಿಂದ ಒಕುಹರಾ ಅವರದಾಯಿತು. ಆ ಪಂದ್ಯವನ್ನು ಕಂಡವರು ಕಾಲುಗಳ ದಣಿವನ್ನು ಕಂಡರು. ಒಳಗೆ ನಡೆದ ದುಡಿಮೆ ಕಣ್ಣಿಗೆ ಬೀಳುವಂತಹುದಲ್ಲ.

ಆ ದುಡಿಮೆಯಾದರೂ ಎಂತಹುದು? ಎದುರಾಳಿಯ ಭುಜದ ಚಲನೆಯನ್ನು ಓದಬೇಕು. ಶಟಲ್ ಎಲ್ಲಿ ಬೀಳುವುದೆಂದು ಊಹಿಸಬೇಕು. ಆತುರದ ಹೊಡೆತವನ್ನು ತಡೆದುಕೊಳ್ಳಬೇಕು. ಕಳೆದುಕೊಂಡ ಅಂಕವನ್ನು ಮರೆಯಬೇಕು. ಇವೆಲ್ಲವೂ ಕ್ಷಣಾರ್ಧದಲ್ಲಿ, ಒಂದೇ ಪಂದ್ಯದಲ್ಲಿ ನೂರಾರು ಬಾರಿ ನಡೆಯಬೇಕು. ಮರುದಿನ ಮತ್ತೊಂದು ಪಂದ್ಯ, ಮರುವಾರ ಮತ್ತೊಂದು ದೇಶ, ಬೇರೆ ಹಾಸಿಗೆ, ಬೇರೆ ಹೊತ್ತಿನ ನಿದ್ರೆ.

ಮನಸ್ಸಿನ ದಣಿವು ದೇಹವನ್ನು ಹೇಗೆ ಕಾಡುತ್ತದೆ? ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದ ತಜ್ಞರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ನೀಡುತ್ತದೆ. 16 ಜನರಿಗೆ ಒಂದು ದಿನ 90 ನಿಮಿಷ ಏಕಾಗ್ರತೆ ಬೇಡುವ ಕೆಲಸ ಕೊಟ್ಟು, ಬಳಿಕ ಸೈಕಲ್ ಯಂತ್ರ ತುಳಿಸಿದರು. ಇನ್ನೊಂದು ದಿನ ಅಷ್ಟೇ ಹೊತ್ತು ಸಾಕ್ಷ್ಯಚಿತ್ರ ತೋರಿಸಿ ತುಳಿಸಿದರು. ಮನಸ್ಸು ದಣಿದ ದಿನ ಅವರು ಸರಾಸರಿ 640 ಸೆಕೆಂಡು ತುಳಿದರೆ, ಇನ್ನೊಂದು ದಿನ 754 ಸೆಕೆಂಡು ತುಳಿದರು. ಹೃದಯ, ಸ್ನಾಯುಗಳ ಶಕ್ತಿ ಕುಂದಿರಲಿಲ್ಲ. ಅದೇ ಶ್ರಮ ಹೆಚ್ಚು ಭಾರವೆನಿಸಿತ್ತು, ಅಷ್ಟೆ.

ಆಸ್ಟ್ರೇಲಿಯದ ಟೆನಿಸ್ ಆಟಗಾರ್ತಿ ಆಶ್ಲಿ ಬಾರ್ಟಿ ಈ ಭಾರವನ್ನು ಬೇಗನೆ ಗುರುತಿಸಿಕೊಂಡವರು. 2014ರಲ್ಲಿ, 18ನೆಯ ವಯಸ್ಸಿನಲ್ಲಿ, ಆಕೆ ಟೆನಿಸ್ ಬಿಟ್ಟು ಹೊರನಡೆದರು. ಕೆಲಕಾಲ ಕ್ರಿಕೆಟ್ ಆಡಿದರು. 2016ರಲ್ಲಿ ಮರಳಿ ಬಂದವರು 2019ರ ಫ್ರೆಂಚ್ ಓಪನ್, 2021ರ ವಿಂಬಲ್ಡನ್, 2022ರ ಆಸ್ಟ್ರೇಲಿಯನ್ ಓಪನ್ ಗೆದ್ದರು. 2022ರ ಮಾರ್ಚ್‌ನಲ್ಲಿ, ಅಗ್ರಸ್ಥಾನದಲ್ಲಿದ್ದಾಗಲೇ, ತನ್ನಲ್ಲಿ ಇನ್ನು ಕೊಡಲು ಏನೂ ಉಳಿದಿಲ್ಲವೆಂದು ತಿಳಿಸಿ ನಿವೃತ್ತರಾದರು. ಸಿಂಧು ಅವರೂ ಸೋಲಿನಲ್ಲೇ ನಿಲ್ಲಲಿಲ್ಲ. 2019ರಲ್ಲಿ ಅದೇ ಒಕುಹರಾ ಅವರನ್ನು 21-7, 21-7ರಿಂದ ಮಣಿಸಿ ವಿಶ್ವ ಚಾಂಪಿಯನ್ ಆದರು.

ಇಂದು ನಮ್ಮ ಮನೆಗಳ ಮಕ್ಕಳೂ ರ‍್ಯಾಕೆಟ್ ಹಿಡಿದು ಊರೂರಿನ ಪಂದ್ಯಾವಳಿಗಳಿಗೆ ಹೋಗುತ್ತಿದ್ದಾರೆ. ಬೆಳಿಗ್ಗೆ ಪಾಠ, ಸಂಜೆ ಅಭ್ಯಾಸ, ರಾತ್ರಿ ಟ್ಯೂಷನ್. ಸೋತು ಬಂದ ಮಗುವನ್ನು ದಾರಿಯಲ್ಲಿಯೇ ವಿಚಾರಣೆಗೆ ಗುರಿಮಾಡುವುದು ತರವಲ್ಲ. ಮೊದಲು ಊಟ, ನಿದ್ರೆ. ಆಟದ ಮಾತು ಮರುದಿನಕ್ಕಿರಲಿ. ಪಂದ್ಯದ ಹಿಂದಿನ ಗಂಟೆಗಳಲ್ಲಿ ಮೊಬೈಲ್ ದೂರವಿರಲಿ. ವಾರಗಟ್ಟಲೆ ಆಟದಲ್ಲಿ ಆಸಕ್ತಿ ಕುಂದಿ, ನಿದ್ರೆ ಕೆಟ್ಟು, ಸಿಡುಕು ಹೆಚ್ಚಿದರೆ ವೈದ್ಯರನ್ನು ಕಾಣಲು ಸಂಕೋಚ ಬೇಡ.

ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ದೃಷ್ಟಿಯನ್ನು ಒಂದೆಡೆ ನಿಲ್ಲಿಸುವ ಸಂಸ್ಕಾರ ನಮ್ಮದು. ಚದುರಿದ ಮನಸ್ಸನ್ನು ದಿನದಿನವೂ ಒಟ್ಟುಗೂಡಿಸಬೇಕೆಂಬ ಅರಿವು ಆ ಆಚರಣೆಯಲ್ಲಿಯೇ ಇದೆ. ಕಾಯಕಕ್ಕೆ ಕಾಯವೆಷ್ಟು ಮುಖ್ಯವೋ ಮನಸ್ಸೂ ಅಷ್ಟೇ ಮುಖ್ಯ. ದಣಿದ ಮನಸ್ಸಿಗೆ ವಿಶ್ರಾಂತಿ ಕೊಡುವುದು ಕಾಯಕದಿಂದ ನುಣುಚಿಕೊಳ್ಳುವುದಲ್ಲ, ಕಾಯಕವನ್ನು ಉಳಿಸಿಕೊಳ್ಳುವುದು.