ಬಾವುಟದಿಂದ ಮರೆಯಾದ ನಕ್ಷತ್ರ

ಮಧ್ಯ ಆಫ್ರಿಕಾದ ಕ್ಯಾಮರೂನಿನ ಬಾವುಟದಲ್ಲಿ ಹಸಿರು, ಕೆಂಪು, ಹಳದಿಯ ಮೂರು ಪಟ್ಟಿಗಳಿವೆ. ನಡುವಿನ ಕೆಂಪಿನಲ್ಲಿ ಹೊಂಬಣ್ಣದ ಒಂದೇ ನಕ್ಷತ್ರ. 1975ರವರೆಗೆ ಬಾವುಟದಲ್ಲಿ ಎರಡು ನಕ್ಷತ್ರಗಳಿದ್ದವು. ಫ್ರೆಂಚರು ಆಳಿದ ಪೂರ್ವ ಭಾಗಕ್ಕೊಂದು, ಬ್ರಿಟಿಷರು ಆಳಿದ ಪಶ್ಚಿಮ ಭಾಗಕ್ಕೊಂದು. ಆ ಎರಡನೆಯದು ಹೋದ ಬಗೆಯಲ್ಲೇ ಈ ದೇಶದ ರಾಜಕಾರಣದ ಕಥೆ ಇದೆ.

ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಅದರ ಈ ವಸಾಹತನ್ನು ಫ್ರಾನ್ಸ್ ಮತ್ತು ಬ್ರಿಟನ್ ಹಂಚಿಕೊಂಡವು. ದೊಡ್ಡ ಪಾಲು ಫ್ರಾನ್ಸಿನದು. ಅದು 1960ರ ಜನವರಿ 1ರಂದು ಸ್ವತಂತ್ರವಾಯಿತು. ಅಹ್ಮದು ಅಹಿಜೊ ಅಧ್ಯಕ್ಷರಾದರು. ಮರುವರ್ಷ ಫೆಬ್ರುವರಿಯಲ್ಲಿ ವಿಶ್ವಸಂಸ್ಥೆ ಬ್ರಿಟಿಷ್ ಭಾಗದ ಜನರ ಮುಂದೆ ಎರಡೇ ದಾರಿ ಇಟ್ಟಿತು: ನೈಜೀರಿಯಾ ಸೇರಿ, ಇಲ್ಲವೇ ಕ್ಯಾಮರೂನ್ ಸೇರಿ. ಸ್ವಂತ ದೇಶ ಬೇಕು ಎನ್ನುವವರಿಗೆ ಮತಪತ್ರದಲ್ಲಿ ಜಾಗವೇ ಇರಲಿಲ್ಲ. ಉತ್ತರದವರು ನೈಜೀರಿಯಾದ ಕಡೆ ಹೋದರು. ದಕ್ಷಿಣದಲ್ಲಿ 2,33,571 ಮಂದಿ ಕ್ಯಾಮರೂನ್ ಎಂದರು, 97,741 ಮಂದಿ ನೈಜೀರಿಯಾ ಎಂದರು.

ಜುಲೈನಲ್ಲಿ ಫುಂಬಾನ್ ಪಟ್ಟಣದಲ್ಲಿ ಎರಡೂ ಕಡೆಯವರು ಸಂವಿಧಾನದ ಮಾತುಕತೆಗೆ ಕುಳಿತರು. ನನ್ನ ದೃಷ್ಟಿಯಲ್ಲಿ ಎಡವಿದ್ದು ಇಲ್ಲೇ. ಕರಡು ಅಹಿಜೊ ಕಡೆಯಿಂದ ಸಿದ್ಧವಾಗಿಯೇ ಬಂದಿತ್ತು. ಪಶ್ಚಿಮದ, ಅಂದರೆ ಆ ಬ್ರಿಟಿಷ್ ದಕ್ಷಿಣದ, ನಾಯಕ ಜಾನ್ ಎನ್‌ಗು ಫೊಂಚಾ ಅವರ ತಂಡಕ್ಕೆ ಅದನ್ನು ಓದಿ ತೂಗಿನೋಡಲು ಸಿಕ್ಕಿದ್ದು ಕೆಲವೇ ದಿನ. ಅಕ್ಟೋಬರ್ 1ರಂದು ಒಕ್ಕೂಟ ಹುಟ್ಟಿತು. ಬುಯಾದಲ್ಲಿ ಪಶ್ಚಿಮದ ಸ್ವಂತ ಸರ್ಕಾರ, ಸ್ವಂತ ಶಾಸನಸಭೆ ಉಳಿದವು. ಫೊಂಚಾ ಒಕ್ಕೂಟದ ಉಪಾಧ್ಯಕ್ಷರೂ ಆದರು. ಒಕ್ಕೂಟದ ಏಕತೆಗೆ, ಸಮಗ್ರತೆಗೆ ಧಕ್ಕೆ ತರುವ ಯಾವ ತಿದ್ದುಪಡಿಯನ್ನೂ ಮಂಡಿಸುವಂತಿಲ್ಲ ಎಂದು 47ನೇ ವಿಧಿ ಸಾರಿತು. ಜನ ಅದನ್ನು ನಂಬಿದರು.

ಆ ನಂಬಿಕೆ ಕರಗಿದ್ದು ಒಂದೇ ಏಟಿಗಲ್ಲ. ಪಶ್ಚಿಮದ ಪೇಟೆಗಳಲ್ಲಿ ಚಲಾವಣೆಯಲ್ಲಿದ್ದ ಪೌಂಡ್ 1962ರಲ್ಲಿ ಹೋಗಿ ಪೂರ್ವದ ಸಿಎಫ್‌ಎ ಫ್ರಾಂಕ್ ಬಂತು. ರಾಜಧಾನಿ ಯೌಂಡೆಯಿಂದ ನೇಮಕವಾಗಿ ಬಂದ ಒಕ್ಕೂಟದ ಇನ್‌ಸ್ಪೆಕ್ಟರ್ ಮುಂದೆ ಬುಯಾದ ಚುನಾಯಿತ ಸರ್ಕಾರ ಮಂಕಾಯಿತು. 1966ರಲ್ಲಿ ಇದ್ದಬದ್ದ ಪಕ್ಷಗಳೆಲ್ಲ ಕರಗಿ ಒಂದೇ ಪಕ್ಷವಾಯಿತು. 1972ರ ಮೇ 20ರಂದು ಅಹಿಜೊ ಇಡೀ ದೇಶದಲ್ಲಿ ಜನಮತಗಣನೆ ನಡೆಸಿ ಒಕ್ಕೂಟವನ್ನೇ ರದ್ದು ಮಾಡಿದರು. ಶೇ 99ಕ್ಕೂ ಹೆಚ್ಚು ಜನ ಒಪ್ಪಿದರೆಂದು ಸರ್ಕಾರ ಘೋಷಿಸಿತು. ಇವತ್ತಿಗೂ ಅದೇ ದಿನ ಅಲ್ಲಿನ ರಾಷ್ಟ್ರೀಯ ಹಬ್ಬ.

1982ರ ನವೆಂಬರ್‌ನಲ್ಲಿ ಅಹಿಜೊ ಕೆಳಗಿಳಿದು ಪಾಲ್ ಬಿಯಾ ಅಧ್ಯಕ್ಷರಾದರು. 1984ರಲ್ಲಿ ದೇಶದ ಹೆಸರಿನಿಂದ ‘ಸಂಯುಕ್ತ’ ಎಂಬ ಪದವನ್ನು ತೆಗೆಸಿದರು. ಉಳಿದ ‘ಕ್ಯಾಮರೂನ್ ಗಣರಾಜ್ಯ’ ಎಂಬುದು 1960ರಲ್ಲಿ ಫ್ರೆಂಚ್ ಭಾಗವೊಂದೇ ಇಟ್ಟುಕೊಂಡಿದ್ದ ಹೆಸರು. ಇಂಗ್ಲಿಷ್ ಭಾಗದವರಿಗೆ ಇದು ಎಷ್ಟು ಚುಚ್ಚಿರಬೇಕು! ವಿಲೀನಕ್ಕೆ ಮುಂದೆ ನಿಂತಿದ್ದ ಅದೇ ಫೊಂಚಾ ತಮ್ಮ ಜನರನ್ನು ನಡೆಸಿಕೊಂಡ ರೀತಿಗೆ ನೊಂದು 1990ರಲ್ಲಿ ಆಳುವ ಪಕ್ಷವನ್ನೇ ಬಿಟ್ಟರು.

1996ರ ಸಂವಿಧಾನ ಅಧಿಕಾರ ವಿಕೇಂದ್ರೀಕರಣದ ಮಾತು ಕೊಟ್ಟಿತು, ಅಧ್ಯಕ್ಷಗಿರಿಗೆ ಎರಡೇ ಅವಧಿ ಎಂದಿತು. ಆ ಮಿತಿ 2008ರಲ್ಲಿ ಹೋಯಿತು. 2025ರ ಅಕ್ಟೋಬರ್‌ನಲ್ಲಿ, 92ರ ವಯಸ್ಸಿನಲ್ಲಿ, ಬಿಯಾ ಎಂಟನೇ ಬಾರಿ ಗೆದ್ದರೆಂದು ಪ್ರಕಟವಾಯಿತು. ಎದುರಾಳಿ ಇಸಾ ಚಿರೊಮಾ ಬಕಾರಿ ಅದನ್ನು ಒಪ್ಪಲಿಲ್ಲ.

ಇಂಗ್ಲಿಷ್ ಭಾಗದ ಒಡಲೊಳಗಿನ ಬೆಂಕಿ ಹೊರಬಿದ್ದದ್ದು 2016ರಲ್ಲಿ. ಬಮೆಂಡಾ, ಬುಯಾಗಳಲ್ಲಿ ವಕೀಲರು ಕಪ್ಪು ಗೌನು ತೊಟ್ಟು ಬೀದಿಗಿಳಿದರು. ಇಂಗ್ಲಿಷ್ ಕಾನೂನು ಪದ್ಧತಿಯಲ್ಲಿ ನಡೆಯುವ ತಮ್ಮ ಕೋರ್ಟುಗಳಿಗೆ ಅದನ್ನು ಅರಿಯದ, ಫ್ರೆಂಚ್ ಪದ್ಧತಿಯಲ್ಲಿ ತಯಾರಾದ ನ್ಯಾಯಾಧೀಶರನ್ನು ಕಳಿಸಬೇಡಿ ಎಂಬುದು ಅವರ ಬೇಡಿಕೆ. ಶಾಲೆಗಳಿಗೆ ಇಂಗ್ಲಿಷ್ ಬಾರದ ಮೇಷ್ಟ್ರುಗಳು ಬೇಡ ಎಂದು ಶಿಕ್ಷಕರೂ ಜೊತೆಗೂಡಿದರು. ಇಷ್ಟು ನ್ಯಾಯವಾದ ಮಾತಿಗೆ ಸಿಕ್ಕ ಉತ್ತರ ಲಾಠಿ, ಬಂಧನ, ತಿಂಗಳುಗಟ್ಟಲೆ ಇಂಟರ್ನೆಟ್ ಕಡಿತ. 2017ರ ಅಕ್ಟೋಬರ್ 1ರಂದು ಪ್ರತ್ಯೇಕತಾವಾದಿಗಳು ‘ಅಂಬಜೋನಿಯಾ’ ಎಂಬ ದೇಶವನ್ನೇ ಘೋಷಿಸಿದರು. ಸೇನೆ ಮತ್ತು ಬಂಡುಕೋರರ ನಡುವೆ ಸಿಕ್ಕಿ ಸಾವಿರಾರು ಜನ ಸತ್ತರು, ಲಕ್ಷಾಂತರ ಜನ ಮನೆಮಠ ಬಿಟ್ಟರು.

2019ರ ಡಿಸೆಂಬರ್‌ನಲ್ಲಿ ಇಂಗ್ಲಿಷ್ ಭಾಗದ ಎರಡು ಪ್ರದೇಶಗಳಿಗೆ ಕಾನೂನಿನಲ್ಲಿ ವಿಶೇಷ ಸ್ಥಾನಮಾನ ಸಿಕ್ಕಿತು. ಅವುಗಳ ಗವರ್ನರ್‌ಗಳನ್ನು ಈಗಲೂ ನೇಮಿಸುವುದು ಯೌಂಡೆಯಲ್ಲಿ ಕುಳಿತ ಅಧ್ಯಕ್ಷರೇ.